ಡಬ್ಲ್ಯೂಸಿ ಪಾಲಿಸಿ: ಮಸ್ಟರ್‌ನಲ್ಲಿ ಹೆಸರಿಲ್ಲದವನಿಗೆ ವಿಮೆಯೂ ಇಲ್ಲ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಆಟೋನಗರದ ಶೆಡ್ಡುಗಳಾಗಲಿ, ರಬಕವಿ-ಬನಹಟ್ಟಿಯ ಪವರ್‌ಲೂಮ್‌ಗಳಾಗಲಿ, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಾಗಲಿ, ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮಲ್ಲಿ ಇರೋದು ಎಂಟ್ಹತ್ತು ಮಂದಿ, ನಮಗೂ ಡಬ್ಲ್ಯೂಸಿ ಪಾಲಿಸಿ ಬೇಕೇನ್ರಿ?"

ಡಬ್ಲ್ಯೂಸಿ ಎಂದರೆ ವರ್ಕ್‌ಮೆನ್ಸ್ ಕಾಂಪೆನ್ಸೇಷನ್, ಕೆಲಸದಲ್ಲಿ ಆಳಿಗೆ ಪೆಟ್ಟಾದರೆ ಮಾಲೀಕ ಕೊಡಬೇಕಾದ ಪರಿಹಾರದ ವಿಮೆ. ಪಾಲಿಸಿ ಇರಲಿ ಬಿಡಲಿ, ಹೊಣೆ ಇದ್ದೇ ಇರುತ್ತದೆ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಆಳಿಗೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಎಂಬ ಕಾನೂನು 1923ರದ್ದು. ಇಲ್ಲಿ ತಪ್ಪು ಯಾರದು ಎಂಬ ಪ್ರಶ್ನೆ ಏಳುವುದಿಲ್ಲ. ಮಾಲೀಕ ಎಷ್ಟೇ ಎಚ್ಚರಿಕೆ ವಹಿಸಿದ್ದರೂ, ಆಳೇ ಅಜಾಗರೂಕತೆ ಮಾಡಿದ್ದರೂ ಪರಿಹಾರ ತಪ್ಪುವುದಿಲ್ಲ. ದಿನಗೂಲಿಯವನು, ನಾಲ್ಕು ದಿನಕ್ಕೆಂದು ಬಂದವನು ಇದರಲ್ಲಿ ಬರುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತದೆ. ಅದು ಹಳೆಯ ಕಾಲದ್ದು. 2000ರ ತಿದ್ದುಪಡಿಯಲ್ಲೇ ಆ ವಿನಾಯಿತಿ ತೆಗೆದುಹಾಕಿದ್ದಾರೆ. ಪಾಲಿಸಿ ಮಾಡುವುದು ಇಷ್ಟೇ: ಮಾಲೀಕನ ತಲೆಯ ಮೇಲೆ ಆಗಲೇ ಇರುವ ಹೊಣೆಯನ್ನು, ತಾನು ಬರೆದುಕೊಟ್ಟ ಷರತ್ತಿನೊಳಗೆ, ವಿಮಾ ಕಂಪನಿ ಹೊತ್ತುಕೊಳ್ಳುತ್ತದೆ. ಆ ಷರತ್ತುಗಳನ್ನು ಓದದೆ ಕಂತು (ಪ್ರೀಮಿಯಂ) ಕಟ್ಟಿದವರೇ ಮುಂದೆ ಕೋರ್ಟಿನಲ್ಲಿ ಕಷ್ಟಕ್ಕೆ ಸಿಗುವವರು.

ಮೊದಲು ಕಾನೂನಿನ ಹೆಸರಿನ ಬಗ್ಗೆ ಒಂದು ಮಾತು. ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯ್ದೆ 2010ರ ಜನವರಿಯಿಂದ ನೌಕರರ ಪರಿಹಾರ ಕಾಯ್ದೆಯಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದು ಅದನ್ನೂ ತನ್ನೊಳಗೆ ಸೇರಿಸಿಕೊಂಡಿತು. ಆ ದಿನಕ್ಕಿಂತ ಹಿಂದಿನ ಅಪಘಾತದ ಪ್ರಕರಣಗಳು ಹಳೆಯ ಕಾಯ್ದೆಯ ಲೆಕ್ಕದಲ್ಲೇ ನಡೆಯುತ್ತವೆ. ಪರಿಹಾರ ಎಣಿಸುವ ಬುನಾದಿ ಎರಡರಲ್ಲೂ ಒಂದೇ. ಜನರ ಬಾಯಲ್ಲಿ ಮಾತ್ರ ಅದು ಈಗಲೂ ಡಬ್ಲ್ಯೂಸಿ ಪಾಲಿಸಿಯೇ.

ಒಂದು ಬೆರಳಿನ ಲೆಕ್ಕ

ಪರಿಹಾರ ಎಷ್ಟಾಗುತ್ತದೆ ಎಂದು ಗೊತ್ತಿಲ್ಲದೆ ಪಾಲಿಸಿ ದುಬಾರಿಯೋ ಅಗ್ಗವೋ ಹೇಳುವುದು ಆಗದ ಮಾತು. ಹಾಗಾಗಿ ಲೆಕ್ಕವನ್ನೇ ಹಾಕಿ ನೋಡೋಣ.

ಸಾವಾದರೆ ತಿಂಗಳ ಪಗಾರದ ಶೇ 50ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ದುಡಿಯಲಾರದಂತೆ ಪೂರ್ತಿ ಅಂಗವಿಕಲನಾದರೆ ಶೇ 60ನ್ನು ಗುಣಿಸಬೇಕು. ಗುಣಕಗಳು ಹಳೆಯ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ: 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ವಯಸ್ಸು ಏರಿದಂತೆ ಗುಣಕ ಇಳಿಯುತ್ತದೆ. ಪಗಾರ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ ಗರಿಷ್ಠ 15,000 ರೂಪಾಯಿ. ಈ ಮಿತಿ 2020ರ ಜನವರಿ 3ರ ಅಧಿಸೂಚನೆಯದು. ಅದಕ್ಕೂ ಮೊದಲು 8,000 ಇತ್ತು. ಹಳೆಯ 8,000ದ ಅಂದಾಜನ್ನೇ ತಲೆಯಲ್ಲಿಟ್ಟುಕೊಂಡವರಿಗೆ ಈಗಿನ ಮೊತ್ತ ಕೇಳಿ ಎದೆ ಝಲ್ಲೆನ್ನುತ್ತದೆ.

30 ವರ್ಷದ ಮೋಲ್ಡರ್ (ಎರಕದ ಅಚ್ಚು ಮಾಡುವವನು), ತಿಂಗಳಿಗೆ 18,000 ಪಗಾರ. ತೀರಿಕೊಂಡರೆ 15,000ದ ಅರ್ಧ 7,500, ಅದನ್ನು 207.98ರಿಂದ ಗುಣಿಸಿದರೆ 15,59,850 ರೂಪಾಯಿ. ಅವನೇ ಬದುಕಿ ಉಳಿದು ಯಾವ ಕೆಲಸವನ್ನೂ ಮಾಡಲಾರದಂತಾದರೆ 9,000 ಗುಣಿಸು 207.98, ಅಂದರೆ 18,71,820. ಅಂತ್ಯಕ್ರಿಯೆಯ ಖರ್ಚು ಬೇರೆ.

ಇನ್ನು ಬೆರಳು. ಪವರ್ ಪ್ರೆಸ್ಸಿನಲ್ಲಿ, ಬೆಲ್ಲದ ಗಾಣದಲ್ಲಿ, ಲೇತಿನ ಚಕ್ಕಿನಲ್ಲಿ ಹೆಚ್ಚಾಗಿ ಹೋಗುವುದು ಅದೇ. ಹಳೆಯ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಯಾವ ಅಂಗಕ್ಕೆ ಶೇಕಡಾ ಎಷ್ಟು ದುಡಿಮೆ ನಷ್ಟ ಎಂದು ಬರೆದಿಟ್ಟಿದ್ದಾರೆ. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಎಲುಬು ಉಳಿದು ತುದಿಯಷ್ಟೇ ಹೋದರೆ 5. ನಡುಬೆರಳಿಗೆ 12. ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ಹೆಬ್ಬೆರಳಿಗೆ 30. ಒಂದೇ ಕೈಯ ನಾಲ್ಕೂ ಬೆರಳಿಗೆ 50. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40, ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ 30. ಪವರ್‌ಲೂಮಿನ ಲಾಳಿ ಹಾರಿ ಕಣ್ಣಿಗೆ ಬಡಿಯುವುದನ್ನು ಕಂಡವರಿಗೆ ಈ ಕೊನೆಯ ಎರಡು ಅಂಕಿ ಬಹಳ ಹತ್ತಿರದವು.

25 ವರ್ಷದ ಪ್ರೆಸ್ ಆಪರೇಟರ್, ಪಗಾರ 15,000. 9,000 ಗುಣಿಸು 216.91 ಅಂದರೆ 19,52,190. ಅದರ ಶೇ 14 ಅಂದರೆ 2,73,307 ರೂಪಾಯಿ. ಇದು ಒಂದು ತೋರುಬೆರಳಿನ ಲೆಕ್ಕ. 40 ವರ್ಷದವನ ಹೆಬ್ಬೆರಳು ಹೋದರೆ 16,57,530ರ ಶೇ 30, ಅಂದರೆ 4,97,259.

ಇದಿಷ್ಟೇ ಅಂತಲೂ ತಿಳಿಯಬಾರದು. ಅನುಸೂಚಿಯ ಶೇಕಡಾವಾರು ಕನಿಷ್ಠ ಲೆಕ್ಕ. 1976ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ತೀರ್ಪೊಂದಿದೆ. ಎಡಗೈಯನ್ನು ಮೊಣಕೈಯ ಮೇಲೆ ಕಳೆದುಕೊಂಡ ಬಡಗಿ ಮತ್ತೆ ಬಡಗಿತನ ಮಾಡಲಾರ, ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂದಿತು ನ್ಯಾಯಾಲಯ. ಪರಿಹಾರ ಅಪಘಾತದ ದಿನದಿಂದಲೇ ಬಾಕಿ ಎಂಬ ಮಾತೂ ಅದರಲ್ಲೇ ಇದೆ. ಇವತ್ತಿಗೂ ವಕೀಲರು ಕೋರ್ಟಿನಲ್ಲಿ ಮೊದಲು ತೆಗೆಯುವ ತೀರ್ಪು ಇದೇ. ಕಾಲು ಕಳೆದುಕೊಂಡ ಲಾರಿ ಡ್ರೈವರ್, ಬಲಗೈ ಸುಟ್ಟುಕೊಂಡ ವೆಲ್ಡರ್ ಇವರ ಲೆಕ್ಕವೂ ಈ ದಾರಿಯಲ್ಲೇ ಸಾಗುತ್ತದೆ.

ಗಾಯ ವಾಸಿಯಾಗುವ ತನಕ ಕೆಲಸಕ್ಕೆ ಬರಲಾಗದಿದ್ದರೆ ಪ್ರತಿ ಹದಿನೈದು ದಿನಕ್ಕೆ ತಿಂಗಳ ಪಗಾರದ ಕಾಲು ಭಾಗ ಕೊಡಬೇಕು. 12,000 ಪಗಾರದವನಿಗೆ ಪ್ರತಿ ಹದಿನೈದು ದಿನಕ್ಕೆ 3,000. ಮೂರು ದಿನದೊಳಗೆ ವಾಪಸ್ ಬಂದರೆ ಏನೂ ಇಲ್ಲ. ಮತ್ತು ಔಷಧೋಪಚಾರದ ಖರ್ಚು, ಆದಷ್ಟೂ, ಮಾಲೀಕನದೇ. ಇದಕ್ಕೆ ಕಾನೂನಿನಲ್ಲಿ ಮಿತಿ ಇಲ್ಲ. ಈ ಒಂದು ಸಾಲಿನ ಮಹತ್ವ ಮುಂದೆ ಬರುತ್ತದೆ.

ಇಎಸ್‌ಐ ಇದ್ದರೆ?

ಹತ್ತು ಅಥವಾ ಹೆಚ್ಚು ಮಂದಿ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯವಾಗುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರು ಅದರೊಳಗೆ ಬರುತ್ತಾರೆ. ಪಗಾರದ ಮೇಲೆ ಮಾಲೀಕನ ಕೊಡುಗೆ ಶೇ 3.25, ಕಾರ್ಮಿಕನದು ಶೇ 0.75. ಹೀಗೆ ವಿಮೆಯಾದವನಿಗೆ ಅಪಘಾತವಾದರೆ ಇಎಸ್‌ಐನವರೇ ನೋಡಿಕೊಳ್ಳುತ್ತಾರೆ. ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಪರಿಹಾರ ಕೇಳಲು ಬರುವುದಿಲ್ಲ. ಅಂಥವರನ್ನು ಡಬ್ಲ್ಯೂಸಿ ಪಾಲಿಸಿಗೂ ಸೇರಿಸಿ ಕಂತು ಕಟ್ಟುವುದು ದುಡ್ಡು ಪೋಲು.

ಪಾಲಿಸಿ ಬೇಕಾಗುವುದು ಉಳಿದವರಿಗೆ. 21,000 ದಾಟಿದ ಫರ್ನೇಸ್ ಆಪರೇಟರ್, ಫೋರ್‌ಮನ್, ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ ಇಎಸ್‌ಐ ಹೊರಗೆ. ಹತ್ತಕ್ಕಿಂತ ಕಡಿಮೆ ಮಂದಿಯ ಶೆಡ್ ಹೊರಗೆ. ಪ್ರತಿ ವರ್ಷ ಪಗಾರ ಏರಿಸುವಾಗ ಒಬ್ಬಿಬ್ಬರು ಗಡಿ ದಾಟುತ್ತಾರೆ. ಅವರ ಇಎಸ್‌ಐ ಅವಧಿ ಮುಗಿಯುವ ಹೊತ್ತಿಗೆ ಹೆಸರು ಪಾಲಿಸಿಗೆ ಬಂದಿದೆಯೇ ನೋಡುವುದು ಒಳ್ಳೆಯದು. ಇಎಸ್‌ಐ ಕೊಡುಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು. ಅವಧಿಯ ನಡುವೆ ಪಗಾರ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕೊಡುಗೆ ಕಟ್ಟಲೇಬೇಕು.

ಪ್ರಪೋಸಲ್ ಫಾರ್ಮಿನ ನಾಲ್ಕು ಕಲಂ

ಪಾಲಿಸಿಗಾಗಿ ಬರೆದುಕೊಡುವ ಈ ಅರ್ಜಿಯಲ್ಲೇ ಪಾಲಿಸಿಯ ಜೀವ ಇರುವುದು. ಏಜೆಂಟರು ವಾಟ್ಸ್ಯಾಪಿನಲ್ಲಿ "ಎಷ್ಟು ಮಂದಿ, ಎಷ್ಟು ಪಗಾರ" ಎಂದು ಕೇಳಿ ತಾವೇ ಫಾರ್ಮ್ ತುಂಬಿಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಸಹಿ ಮಾಲೀಕರದು, ಹೊಣೆಯೂ ಅವರದೇ.

ಮೊದಲ ಕಲಂ ಮಂದಿ ಮತ್ತು ಪಗಾರ. ಕಂತು ನಿಂತಿರುವುದು ವರ್ಷದ ಒಟ್ಟು ಪಗಾರದ ಮೇಲೆ. ಸಾವಿರ ರೂಪಾಯಿ ಪಗಾರಕ್ಕೆ ಇಷ್ಟು ಎಂದು ದರ; ಕೆಲಸದ ಅಪಾಯ ನೋಡಿ ದರ ಬದಲಾಗುತ್ತದೆ. ಆಫೀಸ್ ಗುಮಾಸ್ತನಿಗೆ ಕಡಿಮೆ, ಕರಗಿದ ಕಬ್ಬಿಣ ಸುರಿಯುವವನಿಗೆ ಹೆಚ್ಚು, ಕ್ವಾರಿಯಲ್ಲಿ ಸಿಡಿಮದ್ದಿನ ಕೆಲಸಕ್ಕೆ ಇನ್ನೂ ಹೆಚ್ಚು. 12 ಮಂದಿ, ತಲಾ 14,000 ಪಗಾರ ಎಂದರೆ ವರ್ಷಕ್ಕೆ 20,16,000. ಲೆಕ್ಕಕ್ಕೆ ದರ ಸಾವಿರಕ್ಕೆ 10 ಎಂದು ಇಟ್ಟುಕೊಂಡರೆ ಕಂತು 20,160, ಮೇಲೆ ಶೇ 18 ಜಿಎಸ್‌ಟಿ ಸೇರಿ ಸುಮಾರು 23,789 ರೂಪಾಯಿ. ಒಂದು ತೋರುಬೆರಳಿನ ಪರಿಹಾರದ ಹತ್ತನೇ ಒಂದು ಭಾಗವೂ ಆಗದು.

ಇಷ್ಟನ್ನೂ ಉಳಿಸಲು ಹೊರಟು 12 ಮಂದಿ ಇದ್ದ ಕಡೆ 6 ಎಂದು ಬರೆಯುವವರಿದ್ದಾರೆ. 14,000 ಇದ್ದ ಕಡೆ 8,000 ಎಂದು ಬರೆಯುವವರೂ ಇದ್ದಾರೆ. ಅಪಘಾತವಾದಾಗ ಕಂಪನಿಯ ತನಿಖೆಯವನು ಬಂದು ಮೊದಲು ಕೇಳುವುದು ಮಸ್ಟರ್ (ಹಾಜರಿ ಪುಸ್ತಕ) ಮತ್ತು ಪಗಾರ ಪುಸ್ತಕ. ಶೆಡ್ಡಿನಲ್ಲಿ 12 ಮಂದಿ, ಪಾಲಿಸಿಯಲ್ಲಿ 6 ಮಂದಿ ಕಂಡರೆ ಗಾಯಗೊಂಡವನು ಆ 6ರಲ್ಲಿ ಒಬ್ಬನೇ ಎಂಬ ತಕರಾರು ಶುರು. 8,000 ಎಂದು ಬರೆದುಕೊಟ್ಟ ಕಡೆ ಕೋರ್ಟು 14,000ದ ಮೇಲೆ ಪರಿಹಾರ ಹಾಕಿದರೆ ನಡುವಿನ ಅಂತರ ತನ್ನದಲ್ಲ ಎಂದು ಕಂಪನಿ ವಾದಿಸುತ್ತದೆ. ಆ ಅಂತರ 30 ವರ್ಷದವನ ಸಾವಿನಲ್ಲಿ 6,23,940 ರೂಪಾಯಿ. ಉಳಿಸಿದ ಕಂತು ಹತ್ತು ಸಾವಿರವೂ ಇರಲಿಕ್ಕಿಲ್ಲ.

ಎರಡನೆಯ ಕಲಂ ಕೆಲಸದ ವಿವರ. "ಎಂಜಿನಿಯರಿಂಗ್ ವರ್ಕ್ಸ್, ಹೆಲ್ಪರ್" ಎಂದು ಒಂದೇ ಸಾಲು ಗೀಚಿ ಮುಗಿಸಬಾರದು. ಮೋಲ್ಡಿಂಗ್, ಮೆಲ್ಟಿಂಗ್, ಫೆಟ್ಲಿಂಗ್ (ಎರಕ ಉಜ್ಜಿ ಸ್ವಚ್ಛ ಮಾಡುವುದು), ಮಷಿನ್ ಶಾಪ್, ಲೋಡಿಂಗ್ ಹೀಗೆ ಒಂದೊಂದು ಕೆಲಸಕ್ಕೂ ಎಷ್ಟು ಮಂದಿ, ಎಷ್ಟು ಪಗಾರ ಬೇರೆ ಬೇರೆ ಬರೆಯಿರಿ. ಹೆಲ್ಪರ್ ಎಂದು ತೋರಿಸಿದವನು ಲ್ಯಾಡಲ್ (ಕರಗಿದ ಲೋಹದ ಪಾತ್ರೆ) ಹಿಡಿದು ಸುರಿಯುವಾಗ ಸುಟ್ಟುಕೊಂಡರೆ ಅದೂ ತಕರಾರಿನ ದಾರಿ.

ಮೂರನೆಯದು ಜಾಗ. ಪಾಲಿಸಿಯಲ್ಲಿ ಉದ್ಯಮಬಾಗದ ಪ್ಲಾಟ್ ನಂಬರ್ ಇದೆ. ಆದರೆ ಆಳುಗಳನ್ನು ಶೆಡ್ ಕಟ್ಟಲು ಕೊಲ್ಲಾಪುರಕ್ಕೆ ಕಳಿಸಿದ್ದೀರಿ, ಅಲ್ಲಿ ಒಬ್ಬ ಏಣಿಯಿಂದ ಬಿದ್ದರೆ ಅದೂ ತಕರಾರೇ. ಹೊರಗಿನ ಕೆಲಸ ಇರುವವರು ಪಾಲಿಸಿಯಲ್ಲಿ ಭಾರತದೊಳಗೆ ಎಲ್ಲೇ ಆದರೂ ಅನ್ವಯ ಎಂದು ಬರೆಸಿಕೊಳ್ಳಬೇಕು. ಫ್ಯಾಬ್ರಿಕೇಷನ್, ಸೋಲಾರ್, ಬೋರ್‌ವೆಲ್‌ನವರಿಗೆ ಇದು ಬೇಕೇ ಬೇಕು.

ನಾಲ್ಕನೆಯದು ಗುತ್ತಿಗೆ ಆಳು. ಎಲ್ಲಕ್ಕಿಂತ ಹೆಚ್ಚು ಮಂದಿ ಮುಗ್ಗರಿಸುವುದು ಇಲ್ಲೇ. ಫೆಟ್ಲಿಂಗ್ ಕೆಲಸವನ್ನು ಟನ್ನಿಗೆ ಇಷ್ಟು ಎಂದು ಮುಕಾದಮನಿಗೆ ಕೊಡುತ್ತಾರೆ, ಮುಕಾದಮ ತನ್ನ ಹತ್ತು ಮಂದಿಯನ್ನು ತರುತ್ತಾನೆ. "ಅವರು ನಮ್ಮ ಮಂದಿ ಅಲ್ಲರಿ, ಮುಕಾದಮನ ಮಂದಿ" ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಆವರಣದಲ್ಲಿ, ನಿಮ್ಮ ಧಂದೆಯ ಭಾಗವಾದ ಕೆಲಸ ಮಾಡುವಾಗ ಗಾಯವಾದರೆ ಮೂಲ ಮಾಲೀಕನೇ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಇದೆ. ಆದರೆ ಮುಕಾದಮನ ಬಳಿ ಹದಿನೈದು ಲಕ್ಷ ಎಲ್ಲಿಂದ ಬರಬೇಕು? ಪಾಲಿಸಿಯಲ್ಲಿ ಗುತ್ತಿಗೆದಾರನ ಆಳುಗಳು ಬೇರೆಯಾಗಿ ಬರೆಸಿದ್ದರೆ ಮಾತ್ರ ಒಳಗೆ ಬರುತ್ತಾರೆ. ಬರೆಸುವಾಗ ಗುತ್ತಿಗೆದಾರನ ಹೆಸರು, ಕೆಲಸ, ಮಂದಿ, ಪಗಾರ ಎಲ್ಲ ಬೇಕು. ಮುಕಾದಮನೇ ಪಾಲಿಸಿ ಮಾಡಿಸಿದ್ದೇನೆ ಎಂದರೆ ಪ್ರತಿ ತೆಗೆದುಕೊಂಡು ಅವಧಿ, ಜಾಗ, ಮಂದಿಯ ಲೆಕ್ಕ, ಮೂಲ ಮಾಲೀಕನಾಗಿ ನಿಮ್ಮ ಹೆಸರು ಇದೆಯೇ ಎಂದು ನೋಡಿ. ಬೇರೆ ಕಾರ್ಖಾನೆಯ ಕೆಲಸಕ್ಕೆ ಮಾಡಿಸಿದ ಪಾಲಿಸಿಯನ್ನೇ ಎಲ್ಲ ಕಡೆ ತೋರಿಸುವ ರೂಢಿ ಇದೆ.

ಪಾಲಿಸಿ ಕೊಡದೇ ಇರುವುದು

ಔಷಧೋಪಚಾರದ ಖರ್ಚು ಮೂಲ ಪಾಲಿಸಿಯಲ್ಲಿ ಇರುವುದಿಲ್ಲ. ಹೆಚ್ಚುವರಿ ಕಂತು ಕೊಟ್ಟು ಸೇರಿಸಿಕೊಳ್ಳಬೇಕು, ಅದಕ್ಕೂ ಒಬ್ಬರಿಗೆ ಇಷ್ಟು ಎಂಬ ಮಿತಿ ಇರುತ್ತದೆ. ಕಾನೂನಿನಲ್ಲಿ ಮಾಲೀಕನ ಹೊಣೆಗೆ ಮಿತಿ ಇಲ್ಲ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಫೌಂಡ್ರಿಯವರು ಇದನ್ನು ಹಗುರಾಗಿ ನೋಡಬಾರದು. ಒದ್ದೆ ಸ್ಕ್ರ್ಯಾಪ್ ಫರ್ನೇಸಿಗೆ ಬಿದ್ದರೆ, ಅಥವಾ ಸರಿಯಾಗಿ ಕಾಯಿಸದ ಲ್ಯಾಡಲ್‌ಗೆ ಲೋಹ ಸುರಿದರೆ, ನೀರು ಒಮ್ಮೆಲೇ ಉಗಿಯಾಗಿ ಹಿಗ್ಗಿ ಲೋಹವನ್ನು ಸಿಡಿಸುತ್ತದೆ. ಆ ಸುಟ್ಟಗಾಯಕ್ಕೆ ವಾರಗಟ್ಟಲೆ ಐಸಿಯು, ಆಮೇಲೆ ಚರ್ಮ ಕಸಿ. ಮಿತಿ ಆರಿಸುವಾಗ ಬೆಳಗಾವಿಯ ಖಾಸಗಿ ಆಸ್ಪತ್ರೆಯ ಬಿಲ್ಲು ಕಣ್ಣ ಮುಂದಿರಲಿ.

ವೃತ್ತಿಯಿಂದ ಬರುವ ಕಾಯಿಲೆಗಳೂ ಹಾಗೆಯೇ, ಕೇಳಿ ಸೇರಿಸಿಕೊಳ್ಳಬೇಕು. ಕಾನೂನಿನ ಮೂರನೇ ಅನುಸೂಚಿ ನಮ್ಮ ಜಿಲ್ಲೆಗಳಿಗೆಂದೇ ಬರೆದ ಹಾಗಿದೆ: ಮೋಲ್ಡಿಂಗ್ ಮರಳು ಮತ್ತು ಗ್ರಾನೈಟ್ ಧೂಳಿನಿಂದ ಸಿಲಿಕೋಸಿಸ್, ಹತ್ತಿ ಧೂಳಿನಿಂದ ಬಿಸ್ಸಿನೋಸಿಸ್, ಕಬ್ಬಿನ ಸಿಪ್ಪೆಯ ಧೂಳಿನಿಂದ ಬಗಾಸೋಸಿಸ್. ಸಿಲಿಕೋಸಿಸ್ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಒಮ್ಮೆ ಬಂದರೆ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಕೆಲಸಕ್ಕೆ ಸೇರುವಾಗಲೇ ಎದೆಯ ಎಕ್ಸ್‌ರೇ ತೆಗೆಸಿ ಫೈಲಿನಲ್ಲಿಡಿ, ವರ್ಷಕ್ಕೊಮ್ಮೆ ಮತ್ತೆ ತೆಗೆಸಿ. ನಾಲ್ಕು ಕಡೆ ದುಡಿದು ಬಂದವನ ಕಾಯಿಲೆಯಲ್ಲಿ ಯಾರ ಪಾಲು ಎಷ್ಟು ಎಂದು ನಿರ್ಧರಿಸುವಾಗ ಆ ಹಾಳೆ ಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಕಾಯಿಲೆ ಮೊಳಕೆಯಲ್ಲೇ ಕಂಡರೆ ಅವನನ್ನು ಧೂಳಿನ ಕೆಲಸದಿಂದ ತೆಗೆದು ಬದುಕಿಸಬಹುದು. ಕಲ್ಲು ಕೊರೆಯುವಾಗ ನೀರು ಹಾಯಿಸುವುದು, ಫೆಟ್ಲಿಂಗ್‌ಗೆ ಧೂಳು ಎಳೆಯುವ ಹುಡ್ ಹಾಕಿಸುವುದು ಇವಕ್ಕೆ ಪಾಲಿಸಿ ಬದಲಿಯಾಗದು.

ಮೂರನೆಯದು ಬಡ್ಡಿ ಮತ್ತು ದಂಡ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸಕಾರಣ ಇಲ್ಲದೆ ತಡ ಮಾಡಿದರೆ ಪರಿಹಾರದ ಶೇ 50ರವರೆಗೆ ದಂಡ. ಬಡ್ಡಿ, ದಂಡ ತನ್ನದಲ್ಲ ಎಂದು ಕಂಪನಿ ಪಾಲಿಸಿಯಲ್ಲಿ ಬರೆದುಕೊಳ್ಳಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಮೇಲಿನ ಮೋಲ್ಡರ್‌ನ 15,59,850ಕ್ಕೆ ನಾಲ್ಕು ವರ್ಷ ಕೇಸು ನಡೆದರೆ ಬಡ್ಡಿಯೇ 7,48,728. ಪಾಲಿಸಿ ಇದ್ದೂ ಈ ದುಡ್ಡು ಕೈಯಿಂದ ಹೋಗುತ್ತದೆ. ಪಾಲಿಸಿ ಮಾಡಿಸುವ ಮುನ್ನ ಬಡ್ಡಿಯ ಷರತ್ತು ಏನಿದೆ ಎಂದು ಓದಿ. ಹೆಚ್ಚುವರಿ ಕಂತಿಗೆ ಬಡ್ಡಿ ಸೇರಿಸುತ್ತೀರಾ ಎಂದು ಬರವಣಿಗೆಯಲ್ಲೇ ಕೇಳಿ.

ಕೆಲಸಕ್ಕೆ ಬಂದುಹೋಗುವ ದಾರಿಯ ಅಪಘಾತದ್ದು ಈಗ ಹೊಸ ವಿಷಯ. ಸಕ್ಕರೆ ಕಾರ್ಖಾನೆಯ ಕಾವಲುಗಾರ ನಸುಕಿನ ಪಾಳಿಗೆ ಬೈಕಿನಲ್ಲಿ ಬರುವಾಗ ತೀರಿಕೊಂಡ ಮಹಾರಾಷ್ಟ್ರದ ಪ್ರಕರಣದಲ್ಲಿ, ಸಮಯ, ಜಾಗ, ಸಂದರ್ಭಗಳಿಗೆ ಕೆಲಸದೊಂದಿಗೆ ನಂಟು ಸಾಬೀತಾದರೆ ಅದು ಕೆಲಸದ ಅಪಘಾತವೇ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಸಂಹಿತೆಯಲ್ಲೂ ಇದೇ ಮಾತಿದೆ. ಖಾನಾಪುರ, ಹುಕ್ಕೇರಿ ಕಡೆಯಿಂದ ರಾತ್ರಿ ಪಾಳಿಗೆ ಬೈಕಿನಲ್ಲಿ ಬರುವ ಹುಡುಗರು ಎಷ್ಟು ಮಂದಿ ಇದ್ದಾರೆ ನೋಡಿಕೊಳ್ಳಿ. ಪಾಲಿಸಿಯಲ್ಲಿ 1923ರ ಕಾಯ್ದೆಯ ಹೆಸರು ಮಾತ್ರ ಇದ್ದರೆ, ಸಾಮಾಜಿಕ ಭದ್ರತಾ ಸಂಹಿತೆ 2020ರ ಹೊಣೆಯೂ ಸೇರಿದೆ ಎಂಬ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಹಾಳೆ) ಪಡೆಯಿರಿ.

ಇನ್ನೊಂದು ಗೊಂದಲ: "ನಾವು ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಮಾಡಿಸೀವಿ, ಸಾಲದೇನು?" ಸಾಲದು. ಅದು ಕಾರ್ಮಿಕನಿಗೆ ಗೊತ್ತುಪಡಿಸಿದ ಮೊತ್ತ ಕೊಡುತ್ತದೆ. ಮಾಲೀಕನ ಕಾನೂನು ಹೊಣೆ ಹಾಗೇ ಉಳಿಯುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದ 2 ಲಕ್ಷವೂ ಅಷ್ಟೇ. ಎರಡೂ ಇರಲಿ, ಒಳ್ಳೆಯದೇ. ಆದರೆ ಡಬ್ಲ್ಯೂಸಿ ಬದಲಿಗೆ ಅಲ್ಲ. ಕೋಲ್ಡ್ ಸ್ಟೋರೇಜಿನ ಅಮೋನಿಯಾದಂಥ ಅಪಾಯಕಾರಿ ವಸ್ತುಗಳಿಗಾಗಿ 1991ರ ಕಾಯ್ದೆಯ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಮಾಡಿಸುತ್ತಾರಲ್ಲ, ಅದು ಹೊರಗಿನ ಜನರಿಗಾಗಿ, ಒಳಗಿನ ಆಳಿಗಲ್ಲ.

ಅಪಘಾತದ ದಿನ

ಯಂತ್ರ ನಿಲ್ಲಿಸಿ, ಆಳನ್ನು ಆಸ್ಪತ್ರೆಗೆ ಸಾಗಿಸುವುದು ಮೊದಲು. ಬೆರಳು ತುಂಡಾಗಿದ್ದರೆ ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಬರ್ಫದ ನೀರಿನಲ್ಲಿಟ್ಟು ಜೊತೆಗೇ ಒಯ್ಯಿರಿ. ಬರ್ಫ ನೇರವಾಗಿ ಬೆರಳಿಗೆ ತಾಗಬಾರದು; ತಾಗಿದರೆ ಜೀವಕೋಶ ಸತ್ತು ಮತ್ತೆ ಜೋಡಿಸಲು ಬರುವುದಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಹೇಳುವ ಮೊದಲ ವಾಕ್ಯವೇ ಮುಂದಿನ ಇಡೀ ಪ್ರಕರಣದ ಬೇರು. ಪೊಲೀಸ್ ಗದ್ದಲ ಬೇಡ ಎಂದು "ಮನೆಯಲ್ಲಿ ಮೆಟ್ಟಿಲಿಂದ ಬಿದ್ದ", "ಹೊಲದಲ್ಲಿ ಪೆಟ್ಟಾಯ್ತು" ಎಂದು ಬರೆಸುವ ಮಾಲೀಕರಿದ್ದಾರೆ. ಆಳೂ ಹೆದರಿ ಹೂಂ ಅನ್ನುತ್ತಾನೆ. ಆ ಮಾತು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣದ) ದಾಖಲೆಗೆ, ಕೇಸ್ ಶೀಟಿಗೆ ಹೋಗುತ್ತದೆ. ಒಂದು ತಿಂಗಳ ನಂತರ ಕ್ಲೇಮ್ ಹಾಕಿದಾಗ ಕಂಪನಿ ಆ ಹಾಳೆಯನ್ನೇ ಹಿಡಿದು ಇದು ಕೆಲಸದ ಅಪಘಾತವೇ ಅಲ್ಲ ಎನ್ನುತ್ತದೆ. ಆಳು ಸಾಕ್ಷಿ ಕರೆದು ಕೋರ್ಟಿನಲ್ಲಿ ನಿಜ ಸಾಬೀತು ಮಾಡಿದರೆ ಕೊಡಬೇಕಾದವನು ಮಾಲೀಕ, ಪಾಲಿಸಿ ಇದ್ದೂ ಒಬ್ಬಂಟಿ. ಎಲ್ಲಿ, ಯಾವ ಯಂತ್ರದಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಇದ್ದಂತೆ ಬರೆಸಿ.

ಅದೇ ದಿನ ಕಂಪನಿಗೆ ಇಮೇಲಿನಲ್ಲಿ ತಿಳಿಸಿ. ಏಜೆಂಟನಿಗೆ ಫೋನ್ ಮಾಡಿದ್ದು ದಾಖಲೆಯಾಗುವುದಿಲ್ಲ. ಇಮೇಲಿನಲ್ಲಿ ಪಾಲಿಸಿ ನಂಬರ್, ಆಳಿನ ಹೆಸರು, ವಯಸ್ಸು, ಕೆಲಸ, ಪಗಾರ, ಅಪಘಾತದ ವೇಳೆ, ಆಸ್ಪತ್ರೆ ಇಷ್ಟಿದ್ದರೆ ಸಾಕು. ಅಪಘಾತದ ಜಾಗ, ಯಂತ್ರದ ಗಾರ್ಡ್, ಸ್ವಿಚ್ಚಿನ ಫೋಟೋ ತೆಗೆದಿಡಿ. ಸಾವು ಅಥವಾ ಗಂಭೀರ ಗಾಯವಾದರೆ ಏಳು ದಿನದೊಳಗೆ ಪರಿಹಾರ ನಿರ್ಧರಿಸುವ ಪ್ರಾಧಿಕಾರಕ್ಕೂ ವರದಿ ಹೋಗಬೇಕು; ಎಫ್‌ಐಆರ್, ಪಂಚನಾಮೆ, ಮರಣೋತ್ತರ ವರದಿಯ ಪ್ರತಿಗಳನ್ನು ಆಗಲೇ ಪಡೆದಿಟ್ಟುಕೊಂಡರೆ ಆಮೇಲೆ ಅಲೆದಾಟ ತಪ್ಪುತ್ತದೆ.

ಗಾರ್ಡ್ ಎಂದಾಗ ಪವರ್ ಪ್ರೆಸ್ಸನ್ನು ಹತ್ತಿರದಿಂದ ನೋಡಬೇಕು. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯುವ ವ್ಯವಸ್ಥೆ ಅದರಲ್ಲಿರುತ್ತದೆ. ಕೈ ಎರಡೂ ಬಟನ್ ಮೇಲಿದ್ದರೆ ಡೈ ನಡುವೆ ಇರಲಾರವು. ಪೀಸ್ ರೇಟಿನ ಅವಸರಕ್ಕೆ ಒಂದು ಬಟನ್ನಿಗೆ ಟೇಪ್ ಸುತ್ತುತ್ತಾರೆ, ಅಥವಾ ಎರಡನ್ನೂ ಬಿಟ್ಟು ಕಾಲಿನ ಪೆಡಲ್ ಹಾಕಿಸುತ್ತಾರೆ. ಒಂದು ಕೈ ಖಾಲಿ ಉಳಿದು ಪೀಸ್ ತೆಗೆಯಲು ಒಳಗೆ ಹೋಗುತ್ತದೆ, ಬೆರಳು ಹೋಗುವುದು ಆಗ. ಆಳು ಬೇಕೆಂದೇ ಗಾರ್ಡ್ ತೆಗೆದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂಬ ವಿನಾಯಿತಿ ಕಾನೂನಿನಲ್ಲಿದೆ, ಕುಡಿದು ಕೆಲಸ ಮಾಡಿದವನಿಗೂ ಇದೆ. ಆದರೆ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ಆ ವಿನಾಯಿತಿ ಇಲ್ಲ. ಪೆಡಲ್ ಹಾಕಿಸಿದವನು ಮಾಲೀಕನೇ ಆಗಿದ್ದರೆ ಆ ಮಾತು ಎತ್ತಲೂ ಬಾರದು. ಸಂಜೆಗೊಮ್ಮೆ ಪ್ರೆಸ್ ಸಾಲಿನಲ್ಲಿ ನಡೆದು ಟೇಪ್ ಸುತ್ತಿದ ಬಟನ್ ಹುಡುಕುವುದು ಐದು ನಿಮಿಷದ ಕೆಲಸ.

ಸಾವಾದಾಗ ಊರ ಹಿರಿಯರ ಸಮ್ಮುಖದಲ್ಲಿ ಬಾಂಡ್ ಪೇಪರ್ ಬರೆಸಿ ಐದೋ ಆರೋ ಲಕ್ಷ ಕೊಟ್ಟು ಮುಗಿಸುವ ರೂಢಿ ನಮ್ಮ ಕಡೆ ಬಲವಾಗಿದೆ. ಕೊಡುವ ಮನಸ್ಸು ದೊಡ್ಡದು. ಆದರೆ ಕಾನೂನಿನ ಕಣ್ಣಿಗೆ ಅದು ಪರಿಹಾರವೇ ಅಲ್ಲ. ಸಾವಿನ ಪರಿಹಾರವನ್ನು ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು, ಅಲ್ಲಿಂದ ಹೆಂಡತಿ, ಮಕ್ಕಳು, ತಾಯಿಗೆ ಹಂಚಿಕೆಯಾಗಬೇಕು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರು ಸಿಂಧುವಲ್ಲ. ಕುಟುಂಬ ಎರಡು ವರ್ಷದೊಳಗೆ ಕೋರ್ಟಿಗೆ ಹೋದರೆ ಪೂರ್ತಿ ಮೊತ್ತ ಮತ್ತೆ ಕೊಡಬೇಕಾಗಬಹುದು. ಕಂಪನಿಯೂ ತನ್ನ ಒಪ್ಪಿಗೆ ಇಲ್ಲದೆ ಕೊಟ್ಟಿದ್ದನ್ನು ಮರಳಿಸುವುದಿಲ್ಲ. ತುರ್ತಿಗೆ ಮೂರು ತಿಂಗಳ ಪಗಾರದವರೆಗೆ ಮುಂಗಡ ಕೊಡಲು ಮಾತ್ರ ಅವಕಾಶವಿದೆ, ಅದನ್ನು ಬ್ಯಾಂಕ್ ಮೂಲಕವೇ ಕೊಡಿ.

ಕರ್ನಾಟಕದಲ್ಲಿ ಈ ಪ್ರಕರಣಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳು ನಡೆಸುತ್ತ ಬಂದಿವೆ. ಹೊರ ರಾಜ್ಯದ ಆಳಾಗಿದ್ದರೆ ಕುಟುಂಬ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ನೋಟಿಸು ಬಿಹಾರದಿಂದಲೋ ಒಡಿಶಾದಿಂದಲೋ ಬಂತೆಂದು ಮೂಲೆಗೆ ಹಾಕಬೇಡಿ. ಕಂಪನಿ ನೋಡಿಕೊಳ್ಳುತ್ತದೆ ಎಂದು ಮಾಲೀಕ ಹಾಜರಾಗದಿದ್ದರೆ, ಪಾಲಿಸಿಯ ಮಿತಿ ದಾಟಿದ ಮೊತ್ತದ ಬಗ್ಗೆ ಅವನ ಪರ ಮಾತಾಡುವವರು ಯಾರೂ ಇರುವುದಿಲ್ಲ. ವಕೀಲರನ್ನು ಇಟ್ಟು, ಪಾಲಿಸಿಯ ಪ್ರತಿ ಹಾಜರುಪಡಿಸಿ, ಕಂಪನಿಯನ್ನು ಪಕ್ಷಗಾರನಾಗಿ ಸೇರಿಸಿ.

ಟ್ರ್ಯಾಕ್ಟರ್ ಬಗ್ಗೆ ಚಿಕ್ಕದಾಗಿ. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್‌ಗೆ ವಾಹನದ ಪಾಲಿಸಿಯಲ್ಲೇ ತಲೆಗೆ 50 ರೂಪಾಯಿ ಹೆಚ್ಚು ಕಟ್ಟಿ ಹೊಣೆ ಸೇರಿಸಬಹುದು. ಮಡ್‌ಗಾರ್ಡ್ ಮೇಲೆ ಕೂತವನಿಗೆ ಯಾವ ರಕ್ಷಣೆಯೂ ಇಲ್ಲ, ಅಲ್ಲಿ ಸೀಟು ಇರುವುದು ಡ್ರೈವರ್ ಒಬ್ಬನಿಗೇ. ಕಟಾವಿನ ಗ್ಯಾಂಗನ್ನು ಟ್ರೇಲರ್ ಮೇಲೆ ಕೂರಿಸಿ ಕಳಿಸುವವರು ಇದನ್ನು ತಿಳಿದಿರಬೇಕು.

ನವೀಕರಣಕ್ಕೆ ಇಲ್ಲಿ ರಿಯಾಯಿತಿ ದಿನಗಳಿಲ್ಲ. ಕಂತು ಕಂಪನಿಗೆ ಮುಟ್ಟುವವರೆಗೆ ಹೊಣೆ ಶುರುವಾಗುವುದಿಲ್ಲ, ಚೆಕ್ ಬೌನ್ಸ್ ಆದರೆ ಪಾಲಿಸಿಯೇ ಇಲ್ಲ. ಅವಧಿ ಮುಗಿದ ಮೇಲೆ ಆ ವರ್ಷ ನಿಜವಾಗಿ ಕೊಟ್ಟ ಪಗಾರದ ಲೆಕ್ಕ ಕಂಪನಿಗೆ ಕೊಡಬೇಕು. ಹೆಚ್ಚಾಗಿದ್ದರೆ ಕಂತಿನ ಅಂತರ ಕಟ್ಟುತ್ತೀರಿ, ಕಡಿಮೆಯಾಗಿದ್ದರೆ ಷರತ್ತಿನ ಪ್ರಕಾರ ಮರಳಿ ಬರುತ್ತದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗುವ ಅಕ್ಟೋಬರ್-ನವೆಂಬರ್‌ನಲ್ಲಿ ಗಾಣ, ವರ್ಕ್‌ಶಾಪ್, ಲೋಡಿಂಗ್ ಎಲ್ಲ ಕಡೆ ಮಂದಿ ಒಮ್ಮೆಲೇ ಏರುತ್ತಾರೆ. ಗ್ಯಾಂಗ್ ಬಂದಿಳಿಯುವ ಮೊದಲೇ ಹೆಚ್ಚಿದ ಮಂದಿ ಮತ್ತು ಪಗಾರಕ್ಕೆ ಎಂಡಾರ್ಸ್‌ಮೆಂಟ್ ಕೇಳಿ ಇಮೇಲ್ ಕಳಿಸಿ, ಹೆಚ್ಚುವರಿ ಕಂತು ಕಟ್ಟಿದ ರಸೀದಿ ಮತ್ತು ಎಂಡಾರ್ಸ್‌ಮೆಂಟ್ ಹಾಳೆ ಎರಡೂ ಕೈಗೆ ಬಂದ ಮೇಲೆ ಅವರ ಹೆಸರು ಮಸ್ಟರ್‌ಗೆ ಏರಿಸಿ, ಆಧಾರ್ ಪ್ರತಿ ಮತ್ತು ಮನೆಯವರ ಬ್ಯಾಂಕ್ ಖಾತೆಯ ವಿವರ ಪಡೆದು ಆ ದಿನವೇ ಕೆಲಸಕ್ಕೆ ಹಚ್ಚಿ.